ಪೋರ್ಟ್ ಯಾರ ಹಿಡಿತದಲ್ಲಿದೆ ಎಂದು ಮೊದಲು ನೋಡಿ

ಪ್ರಶ್ನೆ: ನನ್ನ ನೋಡ್ (ಜಾವಾಸ್ಕ್ರಿಪ್ಟ್) ಸರ್ವರ್ ಅನ್ನು ಕಂಟ್ರೋಲ್-ಝಡ್ ಒತ್ತಿ ನಿಲ್ಲಿಸುತ್ತೇನೆ. ಮತ್ತೆ ಶುರು ಮಾಡಿದರೆ 3000ನೇ ಪೋರ್ಟ್ (ಸರ್ವರ್ ಸಂಪರ್ಕಗಳಿಗಾಗಿ ಕಾಯುವ, ಸಂಖ್ಯೆಯಿರುವ ಬಾಗಿಲು) ಈಗಾಗಲೇ ಬಳಕೆಯಲ್ಲಿದೆ ಎಂಬ ದೋಷ ಬರುತ್ತದೆ. ಆ ಪೋರ್ಟ್‌ನಲ್ಲಿ ಇರುವುದನ್ನೆಲ್ಲ ಕಿಲ್ ಮೈನಸ್ ನೈನ್ (ಬಲವಂತವಾಗಿ ತಕ್ಷಣ ನಿಲ್ಲಿಸುವುದು) ಮಾಡುವ ಒಂದು ಸಾಲಿನ ಆದೇಶವನ್ನು ಗೆಳೆಯರು ಕೊಟ್ಟಿದ್ದಾರೆ. ಬಳಸಬಹುದೇ?

ಉತ್ತರ: ದಯವಿಟ್ಟು ಬಳಸಬೇಡಿ. ಆ ಒಂದು ಸಾಲನ್ನು ಕೈಯಿಂದ ಕೈಗೆ ದಾಟಿಸುವವರಲ್ಲಿ ಹೆಚ್ಚಿನವರು ಅದು ಏನು ಮಾಡುತ್ತದೆಂದು ಓದಿಯೇ ಇರುವುದಿಲ್ಲ ಎಂಬುದು ನನ್ನ ಬಹುದಿನದ ಬೇಸರ. ಕಂಟ್ರೋಲ್-ಝಡ್ ಸರ್ವರ್ ಅನ್ನು ಮುಗಿಸುವುದಿಲ್ಲ, ಇದ್ದಲ್ಲೇ ತಡೆದಿಡುತ್ತದೆ; ತಡೆದಿಟ್ಟ ಸರ್ವರ್ ಪೋರ್ಟನ್ನು ಬಿಟ್ಟುಕೊಡುವುದಿಲ್ಲ. ಅದೇ ಟರ್ಮಿನಲ್‌ನಲ್ಲಿ 'ಜಾಬ್ಸ್' ಎಂದು ಕೊಟ್ಟರೆ ಅದು ಅಲ್ಲೇ ಕುಳಿತಿರುವುದು ಕಾಣುತ್ತದೆ. 'ಎಫ್‌ಜಿ' ಎಂದು ಕೊಟ್ಟು ಅದನ್ನು ಮುಂದಕ್ಕೆ ಕರೆದು, ಕಂಟ್ರೋಲ್-ಸಿ ಒತ್ತಿದರೆ ನಿಮ್ಮ ತೊಂದರೆ ಮುಗಿಯಿತು.

ಆ ಆದೇಶದ ಅಪಾಯ ಬೇರೆಯೇ ಇದೆ. ಅದರೊಳಗಿನ 'ಎಲ್‌ಎಸ್‌ಒಎಫ್', ಅಂದರೆ ಪೋರ್ಟ್ ಯಾರ ಬಳಕೆಯಲ್ಲಿದೆ ಎಂದು ತೋರಿಸುವ ಆದೇಶ, ಪೋರ್ಟ್‌ನಲ್ಲಿ ಕಾಯುತ್ತಿರುವ ಸರ್ವರ್ ಅನ್ನು ಮಾತ್ರವಲ್ಲದೆ, ಆ ಪೋರ್ಟ್‌ಗೆ ಸಂಪರ್ಕ ಹೊಂದಿರುವ ಬ್ರೌಸರ್ ಅನ್ನೂ ಪಟ್ಟಿ ಮಾಡುತ್ತದೆ. ನನ್ನ ತರಗತಿಯ ವಿದ್ಯಾರ್ಥಿಯೊಬ್ಬರು ಹೀಗೆ ಕೊಂದಾಗ ಸರ್ವರ್ ಜೊತೆಗೆ ಬ್ರೌಸರ್ ಕೂಡ ಮುಚ್ಚಿಹೋಗಿ, ಅರ್ಧ ತುಂಬಿದ್ದ ಅರ್ಜಿಯೊಂದು ಕಳೆದುಹೋಯಿತು. ಆದ್ದರಿಂದ ಮೊದಲು ಪಟ್ಟಿಯನ್ನು ಕಣ್ಣಾರೆ ಓದಿ, ಕೊನೆಯಲ್ಲಿ 'ಲಿಸನ್' ಎಂದಿರುವ ಸಾಲಿನ ಪಿಐಡಿಯನ್ನಷ್ಟೇ (ಪ್ರೊಸೆಸ್‌ನ ಗುರುತು ಸಂಖ್ಯೆ) ತೆಗೆದುಕೊಂಡು, ಒಂಬತ್ತು ಸೇರಿಸದೆ ಬರಿಯ 'ಕಿಲ್' ಕೊಡಿ. ಆಗ ಪ್ರೋಗ್ರಾಮ್‌ಗೆ ತೆರೆದ ಫೈಲುಗಳನ್ನು ಮುಚ್ಚಿ ಹೊರಡಲು ಅವಕಾಶ ಸಿಗುತ್ತದೆ, ಒಂಬತ್ತು ಆ ಅವಕಾಶವನ್ನೇ ಕೊಡುವುದಿಲ್ಲ. ಅಲ್ಲಿರುವುದು 3306ರ ಮೈಎಸ್‌ಕ್ಯೂಎಲ್ ಅಥವಾ 5432ರ ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ಆಗಿದ್ದರೆ ಕಿಲ್ ಮಾಡಲೇಬೇಡಿ, ಅವುಗಳನ್ನು ಸರ್ವಿಸ್ ಆಗಿಯೇ ನಿಲ್ಲಿಸಿ.

ಮ್ಯಾಕ್‌ನಲ್ಲಿ 5000ನೇ ಪೋರ್ಟ್ ಸಿಗುತ್ತಿಲ್ಲ ಎನ್ನುವ ಫ್ಲಾಸ್ಕ್ (ಪೈಥಾನ್‌ನ ವೆಬ್ ಚೌಕಟ್ಟು) ಬಳಕೆದಾರರಿಗೂ ಇದೇ ಮಾತು. 2021ರ ಮಾಂಟೆರೆ ಆವೃತ್ತಿಯಿಂದ ಏರ್‌ಪ್ಲೇ ರಿಸೀವರ್ ಆ ಪೋರ್ಟನ್ನು ಬಳಸುತ್ತಿದೆ. ಪಟ್ಟಿಯಲ್ಲಿ ಅದು ಕಂಟ್ರೋಲ್ ಸೆಂಟರ್ ಹೆಸರಿನಲ್ಲಿ ಕಾಣುತ್ತದೆ, ಕೊಂದರೂ ಮರಳಿ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿ, ಇಲ್ಲವೇ ನಿಮ್ಮ ಸರ್ವರ್‌ಗೆ 5001 ಕೊಡಿ.

ಪ್ರಶ್ನೆ: ವಿಂಡೋಸ್‌ನಲ್ಲಿ ಕ್ಸಾಂಪ್‌ನ ಅಪಾಚಿ ವೆಬ್ ಸರ್ವರ್ ಶುರುವಾಗುತ್ತಿಲ್ಲ. 80ನೇ ಪೋರ್ಟ್‌ನಲ್ಲಿ ಪಿಐಡಿ 4 ಇದೆ. ಅಂಗಡಿಯವರು ವೈರಸ್ ಎಂದು ಹೇಳಿ ಫಾರ್ಮ್ಯಾಟ್ ಮಾಡಿಸಲು ಸೂಚಿಸಿದ್ದಾರೆ.

ಉತ್ತರ: ಇಂಥ ಸಲಹೆಗೆ ಹಣ ಕೊಡಬೇಡಿ. ಪಿಐಡಿ 4 ವಿಂಡೋಸ್‌ನ ಸ್ವಂತ ಸಿಸ್ಟಂ ಪ್ರೊಸೆಸ್. 80ರಲ್ಲಿ ಅದು ಕಂಡರೆ ಸಾಮಾನ್ಯವಾಗಿ ಹಿಂದೆ ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಆದ ಐಐಎಸ್ ಚಾಲ್ತಿಯಲ್ಲಿರುತ್ತದೆ. ಅದರ ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್ ಸರ್ವಿಸ್ ಅನ್ನು ನಿಲ್ಲಿಸಿ, ಅಥವಾ ಅಪಾಚಿಯ ಸಂರಚನಾ ಫೈಲಿನಲ್ಲಿ 'ಲಿಸನ್ 80' ಎಂಬುದನ್ನು 8080 ಎಂದು ಬದಲಿಸಿ.

ಪ್ರಶ್ನೆ: ಫೈರ್‌ವಾಲ್ ಆಫ್ ಮಾಡಿದರೂ ಪೋರ್ಟ್ ದೋಷ ಹೋಗಲಿಲ್ಲವಲ್ಲ?

ಉತ್ತರ: ಎರಡಕ್ಕೂ ಸಂಬಂಧವಿಲ್ಲ, ಈಗಲೇ ಆನ್ ಮಾಡಿ.

ಪ್ರಶ್ನೆ: ವೀಟ್ (ವೆಬ್ ಅಭಿವೃದ್ಧಿಯ ಸರ್ವರ್) ಬಳಸುತ್ತೇನೆ, ಪೋರ್ಟ್ ದೋಷ ಬಂದೇ ಇಲ್ಲ, ಆದರೆ ಕೆಲವು ದಿನ ಲಾಗಿನ್ ಕೆಲಸ ಮಾಡುವುದಿಲ್ಲ.

ಉತ್ತರ: ಹಳೆಯ ಸರ್ವರ್ 5173ನ್ನು ಬಿಟ್ಟಿರದಿದ್ದರೆ ವೀಟ್ ತಾನಾಗಿಯೇ 5174ಕ್ಕೆ ಸರಿಯುತ್ತದೆ, ಆದರೆ ಲಾಗಿನ್ ಸೇವೆಯಲ್ಲಿ ನೀವು ನೋಂದಾಯಿಸಿರುವ ವಿಳಾಸ 5173ರದ್ದಾಗಿಯೇ ಉಳಿದಿರುತ್ತದೆ. 'ಸ್ಟ್ರಿಕ್ಟ್‌ಪೋರ್ಟ್' ಆಯ್ಕೆಯನ್ನು ಟ್ರೂ ಮಾಡಿ; ಆಗ ಅದು ಸರಿಯುವ ಬದಲು ದೋಷ ತೋರಿಸಿ ನಿಲ್ಲುತ್ತದೆ.