ಇತಿಹಾಸದ ಕ್ಲಾಸಿನಲ್ಲಿ ಸಿನಿಮಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬಿ.ಎ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ಮೇಡಂ ಕದಂಬರ ಪಾಠಕ್ಕೆ ‘ಮಯೂರ’ ಸಿನಿಮಾ ಹಾಕಿದರು. ನಡುನಡುವೆ ನಿಲ್ಲಿಸಿ ‘ಇದು ಎಲ್ಲಿಂದ ಬಂತು ಹೇಳಿ’ ಅಂತ ಕೇಳುತ್ತಿದ್ದರು. ಹಾಡಿನ ಮಧ್ಯೆಯೂ ನಿಲ್ಲಿಸಿದಾಗ ಹಿಂದಿನ ಬೆಂಚಿನವರು ಗಲಾಟೆ ಮಾಡಿದರು. ಆಮೇಲೆ ತಾಳಗುಂದ ಶಾಸನದ ಅನುವಾದ ಕೊಟ್ಟರು. ಅದರಲ್ಲಿ ಕಥೆಯೇ ಬೇರೆ ಥರ ಇದೆ. ಯಾವುದನ್ನು ನಂಬಬೇಕು? ಪರೀಕ್ಷೆಯಲ್ಲಿ ಏನು ಬರೆಯಲಿ?
- ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಪರೀಕ್ಷೆಯಲ್ಲಿ ಶಾಸನ ಹೇಳಿದ್ದನ್ನೇ ಬರೆಯಿರಿ, ಅದರಲ್ಲಿ ಅನುಮಾನ ಬೇಡ. ಸಿನಿಮಾದಲ್ಲಿ ಮಯೂರನಿಗೆ ತಾನು ಕದಂಬ ರಾಜವಂಶದ ಕುಡಿ ಅನ್ನುವುದು ಆಮೇಲೆ ಗೊತ್ತಾಗುತ್ತದೆ. ಶಾಸನದಲ್ಲಿ ಆ ಮಾತೇ ಇಲ್ಲ. ಅಲ್ಲಿ ಅವನು ಮಯೂರಶರ್ಮ, ವೇದ ಓದುವ ಬ್ರಾಹ್ಮಣ ಹುಡುಗ. ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ, ಅಂದರೆ ವಿದ್ಯಾಕೇಂದ್ರಕ್ಕೆ, ಓದಲು ಹೋಗುತ್ತಾನೆ, ಪಲ್ಲವರ ಕುದುರೆ ಸವಾರರ ಜೊತೆ ಜಗಳ ಆಗುತ್ತದೆ, ಅವಮಾನ ಸಹಿಸಲಾಗದೆ ದರ್ಭೆ, ಸಮಿತ್ತು ಹಿಡಿದು ಅಭ್ಯಾಸವಾದ ಕೈಯಲ್ಲಿ ಕತ್ತಿ ಹಿಡಿಯುತ್ತಾನೆ. ಆಮೇಲೆ ಶ್ರೀಪರ್ವತದ ಕಾಡು ಸೇರಿಕೊಂಡು, ಬೃಹದ್ಬಾಣರೆಂಬ ಅರಸರಿಂದ ಕಪ್ಪ ವಸೂಲಿ ಮಾಡಿ, ಕೊನೆಗೆ ಪಲ್ಲವರೇ ಅವನನ್ನು ಒಪ್ಪಿಕೊಳ್ಳುವ ಹಾಗೆ ಮಾಡುತ್ತಾನೆ. ರಾಜನ ಮಗ ರಾಜ್ಯ ವಾಪಸ್ ಪಡೆಯುವುದಕ್ಕೂ, ಓದಲು ಹೋದ ಹುಡುಗ ರಾಜ್ಯವನ್ನೇ ಕಟ್ಟುವುದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ? ನನಗಂತೂ ಶಾಸನದ ಕಥೆಯೇ ಜಾಸ್ತಿ ರೋಚಕ.

ಹಾಗಂತ ಶಾಸನವನ್ನೂ ಕಣ್ಣು ಮುಚ್ಚಿ ನಂಬಬೇಡಿ. ಅದನ್ನು ಬರೆದ ಕವಿ ಕುಬ್ಜ ಮಯೂರಶರ್ಮನ ಕಾಲದವನಲ್ಲ. ಸುಮಾರು 100 ವರ್ಷ ಆದಮೇಲೆ, ಅದೇ ವಂಶದ ಶಾಂತಿವರ್ಮನ ಕಾಲದಲ್ಲಿ ಬರೆದವನು. ರಾಜನ ಮನೆತನದ ಬಗ್ಗೆ ರಾಜನ ಕಾಲದಲ್ಲೇ ಬರೆಯುವಾಗ ಹೊಗಳಿಕೆ ಇದ್ದೇ ಇರುತ್ತದೆ.

ಇನ್ನು ಸಿನಿಮಾ ಯಾವಾಗ ಬಂತು ನೋಡಿ. 1975ರಲ್ಲಿ. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟದ್ದು 1973ರ ನವೆಂಬರ್ 1ರಂದು. ಕಥೆ ದೇವುಡು ಅವರ ಹಳೆಯ ಕಾದಂಬರಿಯದು, ಆದರೆ ಅದು ರಾಜ್‌ಕುಮಾರ್ ಸಿನಿಮಾ ಆಗಿ ಬಂದಾಗ ನೋಡಿದವರು ಈ ಹೊಸ ಹೆಸರಿನ ಸಂಭ್ರಮದಲ್ಲಿದ್ದ ಜನ. ಕನ್ನಡ ನೆಲದ ಮೊದಲ ರಾಜವಂಶ, ಕಂಚಿಯವರ ಎದುರು ನಿಂತ ನಾಯಕ, ಜನರಿಗಾಗಿಯೇ ತಾನಿರುವುದು ಅನ್ನುವ ಹಾಡು. ನಾಲ್ಕನೇ ಶತಮಾನದ ಬಗ್ಗೆ ಈ ಸಿನಿಮಾ ದುರ್ಬಲ ಸಾಕ್ಷಿ. 1975ರ ಕನ್ನಡಿಗರ ಮನಸ್ಸಿನ ಬಗ್ಗೆ ಮಾತ್ರ ತುಂಬಾ ಒಳ್ಳೆಯ ಸಾಕ್ಷಿ. ನಿಮ್ಮ ಮೇಡಂ ಹಾಡಿನ ಮಧ್ಯೆ ನಿಲ್ಲಿಸಿದ್ದು ಇದನ್ನೇ ಕೇಳುವುದಕ್ಕೆ ಇರಬೇಕು. ಹಿಂದಿನ ಬೆಂಚಿನವರಿಗೂ ಹೇಳಿ.

ತಾಳಗುಂದ ನಿಮ್ಮ ಜಿಲ್ಲೆಯಲ್ಲೇ ಇದೆ, ಶಿಕಾರಿಪುರ ತಾಲ್ಲೂಕಿನಲ್ಲಿ. ಪ್ರಣವೇಶ್ವರ ದೇವಸ್ಥಾನದ ಎದುರಿನ ಕಂಬವೇ ಆ ಶಾಸನ. ಪ್ರತಿ ಅಕ್ಷರದ ತಲೆಯ ಮೇಲೂ ಪುಟ್ಟ ಪೆಟ್ಟಿಗೆ ಇಟ್ಟ ಹಾಗೆ ಕೆತ್ತಿದ್ದಾರೆ. ಕ್ಲಾಸಿನವರೆಲ್ಲ ಸೇರಿ ಒಂದು ದಿನ ಹೋಗಿ ಬನ್ನಿ.

ಪ್ರಶ್ನೆ: ಮಗಳು ಕಾಲೇಜಿನಿಂದ ಬಂದು ‘ಇವತ್ತು ಹಿಸ್ಟರಿ ಕ್ಲಾಸಲ್ಲಿ ಸಿನಿಮಾ ನೋಡಿದ್ವಿ’ ಅನ್ನುತ್ತಾಳೆ. ಫೀಸು ಕಟ್ಟಿ ಕಳಿಸುವುದು ಸಿನಿಮಾ ನೋಡಲಿಕ್ಕಾ?
- ಒಬ್ಬ ತಂದೆ, ದಾವಣಗೆರೆ

ಉತ್ತರ: ಸಿನಿಮಾ ಆದಮೇಲೆ ಏನು ಬರೆಸಿದರು ಅಂತ ಮಗಳನ್ನು ಕೇಳಿ. ಬರೆಸಿದ್ದರೆ, ಚರ್ಚೆ ಮಾಡಿಸಿದ್ದರೆ ನೆಮ್ಮದಿಯಾಗಿರಿ, ಅದು ಪಾಠವೇ. ಸುಮ್ನೆ ಹಾಕಿ ಲೈಟ್ ಆರಿಸಿ ಹೊರಟುಹೋಗಿದ್ದರೆ ನಿಮ್ಮ ಸಿಟ್ಟು ನ್ಯಾಯವಾದದ್ದು, ಪ್ರಿನ್ಸಿಪಾಲರ ಹತ್ತಿರ ಹೋಗಿ ಮಾತಾಡಿ.

ಪ್ರಶ್ನೆ: ದೇಶ ವಿಭಜನೆಯ ಪಾಠಕ್ಕೆ ನಮಗೆ ‘ಗರ್ಮ್ ಹವಾ’ ತೋರಿಸಿದರು. ಮುಗಿದಮೇಲೆ ಚರ್ಚೆ ಮಾಡೋಣ ಅಂದರೆ ಯಾರೂ ಬಾಯಿ ಬಿಡಲಿಲ್ಲ. ನಾನು ಅತ್ತುಬಿಟ್ಟಿದ್ದೆ. ಅತ್ತರೆ ಇತಿಹಾಸ ಕಲಿತ ಹಾಗೆ ಆಗುತ್ತದಾ ಸರ್?
- ವಿದ್ಯಾರ್ಥಿ, ಮೈಸೂರು

ಉತ್ತರ: ಅಷ್ಟಕ್ಕೇ ನಿಲ್ಲಿಸಿದರೆ ಇಲ್ಲ. ಆದರೆ ಯಾವ ಜಾಗದಲ್ಲಿ ಅಳು ಬಂತು ಅನ್ನುವುದನ್ನು ಹಿಡಿದುಕೊಳ್ಳಿ. ಬಹುಶಃ ಆ ಅಜ್ಜಿಯ ದೃಶ್ಯ. ಮನೆ ಖಾಲಿ ಮಾಡುವ ದಿನ ಎಲ್ಲರೂ ಹೊರಟಿದ್ದಾರೆ, ಅಜ್ಜಿ ಮಾತ್ರ ಸೌದೆ ಇಡುವ ಮೂಲೆಯಲ್ಲಿ ಅಡಗಿ ಕೂತಿದ್ದಾಳೆ. ಮದುವಣಗಿತ್ತಿಯಾಗಿ ಕಾಲಿಟ್ಟ ಮನೆ ಅದು. ಸಾಯುವ ಹೊತ್ತಿಗೆ ಅವಳನ್ನು ಪಲ್ಲಕ್ಕಿಯಲ್ಲಿ ಅಲ್ಲಿಗೇ ಹೊತ್ತು ತರುತ್ತಾರೆ.

ಈಗ ಕೇಳಿ, ಮನೆ ಹೋದದ್ದು ಯಾಕೆ? ಕುಟುಂಬ ಆಗ್ರಾದಲ್ಲೇ ಉಳಿದಿದೆಯಲ್ಲ? ಮನೆ ಇದ್ದದ್ದು ಪಾಕಿಸ್ತಾನಕ್ಕೆ ಹೋದ, ಅಜ್ಜಿಯ ಹಿರಿಯ ಮಗನ ಹೆಸರಲ್ಲಿ. ದೇಶ ಬಿಟ್ಟು ಹೋದವರ ಆಸ್ತಿಯನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳುವ ನಿಯಮ ಆಗ ಇತ್ತು, 1950ರಲ್ಲಿ ಸಂಸತ್ತು ಅದಕ್ಕೆ ಕಾಯ್ದೆಯನ್ನೇ ಮಾಡಿತು. ಆ ಕಾಯ್ದೆಯನ್ನು ತೆಗೆದು ಓದಿ. ಒಂದು ಸಹಿ, ಒಂದು ಖಾತೆ ಹೀಗೆ ಒಂದು ಮನೆಯನ್ನು ಬೀದಿಗೆ ತರಬಹುದು ಅಂತ ಗೊತ್ತಾದಾಗ ನೀವು ಅತ್ತದ್ದಕ್ಕೆ ಕಾರಣವೂ ಸಿಗುತ್ತದೆ. ಹಾಗೆಯೇ ಗಡಿಯ ಆ ಕಡೆ ಮನೆ ಬಿಟ್ಟು ಬಂದ ಹಿಂದೂ, ಸಿಖ್ಖರಿಗೆ ಇಲ್ಲಿ ಇಂಥ ಮನೆಗಳನ್ನೇ ಕೊಟ್ಟರು ಅನ್ನುವುದನ್ನೂ ಸೇರಿಸಿ ಓದಿ, ಅದಿಲ್ಲದೆ ಚಿತ್ರ ಅರ್ಧ.

ಚರ್ಚೆಯಲ್ಲಿ ಎಲ್ಲರೂ ಸುಮ್ಮನಿದ್ದದ್ದು ತಪ್ಪೇನಲ್ಲ. ಇಂಥ ಸಿನಿಮಾ ನೋಡಿದ ತಕ್ಷಣ ಮಾತಾಡಿ ಅಂದರೆ ಯಾರಿಗೂ ಆಗಲ್ಲ, ಮಾರನೇ ದಿನ ಕೇಳಬೇಕು. ಅಂದಹಾಗೆ ಇದರ ನಿರ್ದೇಶಕ ಎಂ.ಎಸ್. ಸತ್ಯು ನಿಮ್ಮ ಮೈಸೂರಿನವರೇ. ಗಲಾಟೆ ಆದೀತು ಅಂತ ಹೆದರಿ ಸೆನ್ಸಾರ್‌ನವರು ತಿಂಗಳುಗಟ್ಟಲೆ ತಡೆಹಿಡಿದಿದ್ದ ಸಿನಿಮಾ ಇದು. ಸ್ವಾತಂತ್ರ್ಯ ಬಂದು 25 ವರ್ಷ ಆದಮೇಲೂ ಯಾಕೆ ಹೆದರಿದರು ಅನ್ನುವುದೇ ಒಂದು ಒಳ್ಳೆಯ ಸೆಮಿನಾರ್ ವಿಷಯ.

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಇತಿಹಾಸ ಉಪನ್ಯಾಸಕ. ‘ಕಿತ್ತೂರು ಚೆನ್ನಮ್ಮ’ ತೋರಿಸಬೇಕು ಅಂತ ಆಸೆ. ಒಂದು ಪೀರಿಯಡ್‌ನಲ್ಲಿ ಮುಗಿಯಲ್ಲ, ಪ್ರೊಜೆಕ್ಟರ್ ಕೆಟ್ಟಿದೆ. ಏನು ಮಾಡಲಿ?
- ಉಪನ್ಯಾಸಕ, ರಾಣೆಬೆನ್ನೂರು

ಉತ್ತರ: ಪೂರ್ತಿ ತೋರಿಸಬೇಡಿ ಸರ್. ಬಿ. ಸರೋಜಾದೇವಿ ಅವರ ಚೆನ್ನಮ್ಮ ಈಸ್ಟ್ ಇಂಡಿಯಾ ಕಂಪನಿಯವರಿಗೆ ಎದುರು ನಿಲ್ಲುವ ಹತ್ತು ನಿಮಿಷದ ಭಾಗ ಸಾಕು. ಅದನ್ನೇ ಎರಡು ಸಲ ಹಾಕಿ. ಮೊದಲ ಸಲ ಸುಮ್ನೆ ನೋಡಲಿ, ಎರಡನೇ ಸಲ ಕೈಯಲ್ಲಿ ಪೆನ್ನು ಇರಲಿ.

ಆಮೇಲೆ ಇಬ್ಬರ ಕಥೆ ಹೇಳಿ. ಒಬ್ಬ ಧಾರವಾಡದ ಕಲೆಕ್ಟರ್ ಥ್ಯಾಕರೆ, 1824ರ ಅಕ್ಟೋಬರ್ 23ರಂದು ಕಿತ್ತೂರಿನ ಎದುರೇ ಸತ್ತವನು. ಇನ್ನೊಬ್ಬ ವಾಲ್ಟರ್ ಎಲಿಯಟ್, ಅದೇ ಗಲಾಟೆಯಲ್ಲಿ ಕಿತ್ತೂರಿನವರ ಕೈಗೆ ಸೆರೆಸಿಕ್ಕ ಚಿಕ್ಕ ವಯಸ್ಸಿನ ಅಧಿಕಾರಿ. ಕಿತ್ತೂರಿನವರು ಅವನ ಕೂದಲು ಕೊಂಕಿಸದೆ ಬಿಟ್ಟರು. ಅವನೇ ಮುಂದೆ ನಮ್ಮ ಧಾರವಾಡ ಸೀಮೆಯ ಊರೂರಿನ ಕನ್ನಡ ಶಾಸನಗಳ ಪ್ರತಿ ಮಾಡಿಸಿ ಸಂಗ್ರಹಿಸಿದ. ಚಾಲುಕ್ಯರ ಇತಿಹಾಸ ಬರೆಯಲು ಶುರುವಾದದ್ದೇ ಆ ಸಂಗ್ರಹದಿಂದ ಅನ್ನಬಹುದು. ಇದನ್ನು ಕೇಳಿದ ಹುಡುಗರು ಸಿನಿಮಾದಲ್ಲಿ ಸೆರೆಯಾಳುಗಳು ಎಲ್ಲಿದ್ದಾರೆ ಅಂತ ತಾವೇ ಹುಡುಕುತ್ತಾರೆ.

ಪ್ರೊಜೆಕ್ಟರ್ ಇಲ್ಲದಿದ್ದರೆ ಲ್ಯಾಪ್‌ಟಾಪ್ ಸಾಕು, ಕ್ಲಾಸನ್ನು ಎರಡು ಗುಂಪು ಮಾಡಿ. ಸ್ಪೀಕರ್ ಮಾತ್ರ ಒಂದು ಎರವಲು ತನ್ನಿ, ಹಳೇ ಸಿನಿಮಾದ ಮಾತು ಕೊನೇ ಸಾಲಿಗೆ ಕೇಳಿಸುವುದಿಲ್ಲ.