ಡಾಪ್ಲರ್‌ನಲ್ಲಿ ಪಿ.ಐ. ಹೆಚ್ಚಿದ್ದರೆ ಮಗುವಿನ ಹೃದಯದಲ್ಲಿ ದೋಷವೇ?

32ನೇ ವಾರದಲ್ಲಿ ರಕ್ತದ ಹರಿವನ್ನು ಅಳೆಯುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಹೊಕ್ಕುಳಬಳ್ಳಿಯ ಅಪಧಮನಿಯ ಪಿ.ಐ. (ಪಲ್ಸಟಿಲಿಟಿ ಇಂಡೆಕ್ಸ್, ಅಂದರೆ ಪ್ರತಿ ಬಡಿತಕ್ಕೆ ಹರಿವಿನ ವೇಗ ಎಷ್ಟು ಏರಿಳಿಯುತ್ತದೆ ಎಂಬ ಅಳತೆ) ಹೆಚ್ಚು ಬಂದಿದೆ, ಮಗುವಿನ ಹೃದಯದಲ್ಲಿ ರಂಧ್ರವಿರಬಹುದೇ ಎಂದು ಕೇಳಿದ್ದೀರಿ. ಆ ಅಂಕಿ ರಂಧ್ರವನ್ನು ತೋರಿಸುವುದಿಲ್ಲ. ಅದು ಮುಖ್ಯವಾಗಿ ಹೇಳುವುದು ಮಾಸಿನ (ಪ್ಲಾಸೆಂಟಾ) ಸ್ಥಿತಿಯನ್ನು.

ವರದಿಯ ಗ್ರಾಫ್ ನೋಡಿ: ಒಂದೊಂದು ಶಿಖರವೂ ಒಂದು ಬಡಿತ. ಎರಡು ಬಡಿತಗಳ ನಡುವೆಯೂ ರಕ್ತ ಮಾಸಿನ ಕಡೆಗೆ ಹರಿಯುತ್ತಿರಬೇಕು, ಅಂದರೆ ನಡುವಿನ ತಗ್ಗು ತಳದ ಗೆರೆಯನ್ನು ಮುಟ್ಟಬಾರದು. ಮಾಸಿನಲ್ಲಿ ಪ್ರತಿರೋಧ ಹೆಚ್ಚಿದಂತೆ ತಗ್ಗು ಆಳವಾಗುತ್ತದೆ, ಪಿ.ಐ. ಏರುತ್ತದೆ. ಹರಿವು ನಿಂತರೆ ಅಥವಾ ಹಿಮ್ಮುಖವಾದರೆ ನಿಜಕ್ಕೂ ಗಂಭೀರ. ನೀವು ಬರೆದಿರುವ ವರದಿಯಲ್ಲಿ ಹಾಗೇನೂ ಇಲ್ಲ.

ಒಂದೇ ಅಂಕಿ ಹಿಡಿದು ಇಡೀ ರಾತ್ರಿ ಅಂತರ್ಜಾಲ ಜಾಲಾಡಬೇಡಿ. ಮಗುವಿನ ತೂಕ ವಾರಕ್ಕೆ ತಕ್ಕಂತಿದೆಯೇ, ಮೆದುಳಿನ ಅಪಧಮನಿಯ ಹರಿವು ಹೇಗಿದೆ ಎಂದು ವೈದ್ಯರನ್ನು ಕೇಳಿ. ಆಮ್ಲಜನಕ ಸಾಲದಾದಾಗ ಮಗು ರಕ್ತವನ್ನು ಮೆದುಳಿಗೆ ಹೆಚ್ಚು ಹರಿಸಿಕೊಳ್ಳುತ್ತದೆ. ಆಗ ಅಲ್ಲಿನ ಪಿ.ಐ. ಇಳಿಯುತ್ತದೆ.

ಹೃದಯದ ಕೋಣೆ, ಕವಾಟಗಳನ್ನು ನೋಡುವುದು ಫೀಟಲ್ ಎಕೋ ಎಂಬ ಬೇರೆ ಸ್ಕ್ಯಾನ್; ಸಾಮಾನ್ಯವಾಗಿ 18ರಿಂದ 24 ವಾರಗಳೊಳಗೆ ಮಾಡುತ್ತಾರೆ, ಅಗತ್ಯವಿದ್ದರೆ ಈಗಲೂ ಆದೀತು. ಮರುಪರೀಕ್ಷೆಯ ದಿನವನ್ನು ತಪ್ಪಿಸಬೇಡಿ. ಮಗುವಿನ ಚಲನೆ ಕಡಿಮೆ ಅನ್ನಿಸಿದರೆ ಆ ದಿನಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.