ತೇಲಬೇಕಾದ ಗುಂಡು ನಡುಗಿ ಬೀಳುವುದೇಕೆ?

ಪ್ರಶ್ನೆ: ಕಬ್ಬಿಣದ ಸಣ್ಣ ಗುಂಡನ್ನು ವಿದ್ಯುತ್ಕಾಂತದ ಕೆಳಗೆ ತೇಲಿಸಲು ನೋಡುತ್ತಿದ್ದೇನೆ. ಗುಂಡು ಎಲ್ಲಿದೆ ಅಂತ ಇನ್‌ಫ್ರಾರೆಡ್ ಸೆನ್ಸರ್ ತಿಳಿಸುತ್ತದೆ. ಆಪ್-ಆಂಪ್ ಆ ಸಿಗ್ನಲ್ ಹೆಚ್ಚಿಸಿ, ಟ್ರಾನ್ಸಿಸ್ಟರ್ ಮೂಲಕ ಕಾಯಿಲ್‌ನ ಕರೆಂಟ್ ಬದಲಿಸುತ್ತದೆ. ಗೇನ್ (ಸಿಗ್ನಲ್ ಎಷ್ಟು ಪಟ್ಟು ಹೆಚ್ಚುತ್ತದೆ ಎಂಬುದು) ಏರಿಸಿದರೆ ಗುಂಡು ನಡುಗಿ ಬೀಳುತ್ತದೆ. ಇಳಿಸಿದರೆ ನಡುಗದೆಯೇ ಬೀಳುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಗೇನ್ ತಿರುಗಿಸುವುದನ್ನು ಬಿಡಿ. ಕೊರತೆ ಇರುವುದು ಫೇಸ್‌ನಲ್ಲಿ, ಅಂದರೆ ಗುಂಡಿನ ತೂಗಾಟಕ್ಕೆ ಸಿಗ್ನಲ್ ಎಷ್ಟು ಮುಂಚೆ ಅಥವಾ ತಡವಾಗಿ ಸ್ಪಂದಿಸುತ್ತದೆ ಎಂಬುದರಲ್ಲಿ.

ಕಾಂತಕ್ಕೆ ಹತ್ತಿರವಾದಷ್ಟೂ ಗುಂಡಿನ ಮೇಲೆ ಸೆಳೆತ ಜಾಸ್ತಿ, ದೂರವಾದಷ್ಟೂ ಕಡಿಮೆ. ಹಾಗಾಗಿ ಒಂಚೂರು ಸರಿದರೂ ಅದು ಅದೇ ಕಡೆಗೆ ಓಡುತ್ತದೆ. ಅಂತರ 10 ಮಿ.ಮೀ. ಇದ್ದು ಕರೆಂಟ್ ಬದಲಾಗದಿದ್ದರೆ, ಸರಿದ ದೂರ ಸುಮಾರು 22 ಮಿಲಿಸೆಕೆಂಡಿಗೊಮ್ಮೆ 2.7 ಪಟ್ಟು ಆಗುತ್ತಾ ಹೋಗುತ್ತದೆ. ಬರೀ ಗೇನ್ ಇಲ್ಲಿ ಸ್ಪ್ರಿಂಗ್‌ನಂತೆ ಕೆಲಸ ಮಾಡುತ್ತದೆ. ಗುಂಡನ್ನು ಹಿಂದಕ್ಕೆ ಎಳೆಯುತ್ತದೆ, ಆದರೆ ತೂಗಾಟವನ್ನು ತಗ್ಗಿಸುವುದಿಲ್ಲ. ಕಾಯಿಲ್‌ನಲ್ಲಿ ಕರೆಂಟ್ ತಡವಾಗಿ ಬದಲಾಗುವುದರಿಂದ ತೂಗಾಟ ಬೆಳೆಯುತ್ತದೆ. ಗುಂಡು ಎಲ್ಲಿದೆ ಎಂಬುದರ ಜೊತೆಗೆ ಎಷ್ಟು ವೇಗವಾಗಿ ಸರಿಯುತ್ತಿದೆ ಎಂಬುದೂ ಸರ್ಕ್ಯೂಟ್‌ಗೆ ಗೊತ್ತಾಗಬೇಕು, ಅಲ್ವಾ? ಅದಕ್ಕೇ ಲೀಡ್ ಕಾಂಪೆನ್ಸೇಟರ್, ಅಂದರೆ ಫೇಸ್ ಅನ್ನು ಮುಂದಕ್ಕೆ ತರುವ ಸರ್ಕ್ಯೂಟ್ ಬೇಕು.

ಇನ್ವರ್ಟಿಂಗ್ ಆಪ್-ಆಂಪ್‌ನ ಇನ್‌ಪುಟ್‌ಗೆ 100 ಕಿಲೋಓಮ್, ಫೀಡ್‌ಬ್ಯಾಕ್‌ಗೂ 100 ಕಿಲೋಓಮ್ ಹಾಕಿ. 10 ಕಿಲೋಓಮ್ ರೆಸಿಸ್ಟರ್ ಮತ್ತು 0.22 ಮೈಕ್ರೋಫ್ಯಾರಡ್ ಕೆಪಾಸಿಟರ್ ಅನ್ನು ಸರಣಿಯಲ್ಲಿ ಜೋಡಿಸಿ, ಇನ್‌ಪುಟ್ ರೆಸಿಸ್ಟರ್‌ಗೆ ಸಮಾಂತರವಾಗಿ ಸೇರಿಸಿ. ಆಗ ಜೀರೋ (ಗೇನ್ ಏರತೊಡಗುವ ಆವರ್ತನ) 6.6 ಹರ್ಟ್ಜ್‌ನಲ್ಲಿ, ಪೋಲ್ (ಆ ಏರಿಕೆ ನಿಲ್ಲುವ ಆವರ್ತನ) 72 ಹರ್ಟ್ಜ್‌ನಲ್ಲಿ ಬೀಳುತ್ತದೆ. 22 ಹರ್ಟ್ಜ್ ಹತ್ತಿರ ಫೇಸ್ ಸುಮಾರು 56 ಡಿಗ್ರಿ ಮುಂದೆ ಬರುತ್ತದೆ. ಆ 10 ಕಿಲೋಓಮ್ ಸುಮ್ನೆ ಇಟ್ಟಿದ್ದಲ್ಲ. ಅದನ್ನು ತೆಗೆದು ಕೆಪಾಸಿಟರ್ ಅನ್ನು ನೇರವಾಗಿ ಜೋಡಿಸಿದರೆ ಸೆನ್ಸರ್‌ನ ನಾಯ್ಸ್ ಎಲ್ಲ ದೊಡ್ಡದಾಗಿ ಕಾಯಿಲ್‌ಗೆ ಹೋಗುತ್ತದೆ. ಈ ಹಂತ ಸಿಗ್ನಲ್ ಅನ್ನು ತಲೆಕೆಳಗು ಮಾಡುತ್ತದೆ, ಆದ್ದರಿಂದ ಇನ್ನೊಂದು ಇನ್ವರ್ಟಿಂಗ್ ಹಂತ ಸೇರಿಸಿ ಸರಿಮಾಡಿಕೊಳ್ಳಿ.

ಗುಂಡು ಸರಿದ ಕಡೆಗೇ ಓಡುವ ಗುಣವನ್ನು ಲೆಕ್ಕದಲ್ಲಿ ಅಸ್ಥಿರ ಪೋಲ್ ಎನ್ನುತ್ತಾರೆ. ಅದು ಇರುವ ಜಾಗದಲ್ಲೇ ಜೀರೋ ಇಟ್ಟು ಅದನ್ನು ಅಳಿಸಿಬಿಡಬಹುದು ಎಂಬ ಸಲಹೆ ನಿಮ್ಮ ಕಿವಿಗೂ ಬೀಳಬಹುದು. ದಯವಿಟ್ಟು ಆ ದಾರಿ ಹಿಡಿಯಬೇಡಿ. ಬಿಡಿಭಾಗಗಳ ಮೌಲ್ಯ (ಓಮ್, ಫ್ಯಾರಡ್) ಎಷ್ಟೇ ಕರಾರುವಾಕ್ಕಾಗಿ ಹೊಂದಿಸಿದರೂ ಆ ಪೋಲ್ ಗುಂಡಿನೊಳಗೇ ಉಳಿದಿರುತ್ತದೆ. ಸಣ್ಣ ತಟ್ಟು ಸಾಕು, ಗುಂಡು ಬೀಳುತ್ತದೆ.

ಇಷ್ಟಾದ ಮೇಲೆ ಗೇನ್‌ಗೆ ಬನ್ನಿ. ಇದಕ್ಕೆ ಕೆಳಮಿತಿಯೂ ಇದೆ, ಮೇಲ್ಮಿತಿಯೂ ಇದೆ. ಪೊಟೆನ್ಶಿಯೋಮೀಟರ್ ಇಟ್ಟು ಕೆಳಗಿನಿಂದ ನಿಧಾನವಾಗಿ ಏರಿಸಿ.

ಕಾಯಿಲ್‌ಗೆ ಅಡ್ಡಲಾಗಿ ಬರೀ ಡಯೋಡ್ ಇದ್ದರೆ ಕರೆಂಟ್ ಬೇಗ ಇಳಿಯುವುದಿಲ್ಲ. ಡಯೋಡ್ ಜೊತೆ ಸರಣಿಯಲ್ಲಿ ಸಣ್ಣ ರೆಸಿಸ್ಟರ್ ಹಾಕಿ; ಆಗ ಕರೆಂಟ್ ಇಳಿಯುವಾಗ ಟ್ರಾನ್ಸಿಸ್ಟರ್ ಮೇಲೆ ವೋಲ್ಟೇಜ್ ಏರುತ್ತದೆ, ಅದನ್ನು ತಡೆಯುವಂಥ ಟ್ರಾನ್ಸಿಸ್ಟರ್ ಇರಲಿ. ತೇಲಿದ ಮೇಲೂ ಗುಂಯ್ ಎಂಬ ಸದ್ದು ಬಂದರೆ, ಕೋಣೆಯ ದೀಪದ ಬೆಳಕು ಸೆನ್ಸರ್ ಮೇಲೆ ಬೀಳುತ್ತಿದೆಯೇ ನೋಡಿ, ಅದಕ್ಕೊಂದು ಕಪ್ಪು ಕೊಳವೆ ತೊಡಿಸಿ.